ಬೆಕ್ಕಿನ ಸಿಹಿಮೂತ್ರವೂ ಮನೆಯಲ್ಲಿ ಮಾಡುವ ರಕ್ತಪರೀಕ್ಷೆಯೂ

ಬೆಕ್ಕಿಗೂ ಸಿಹಿಮೂತ್ರ ರೋಗ ಬರುವುದುಂಟೆಂದು ಹೇಳಿದರೆ ನಮ್ಮ ವಾಚಕರಲ್ಲಿ ಕೆಲವರು ನಕ್ಕಾರು. ಎರಡು ವರ್ಷಗಳ ಹಿಂದೆ ನಾವೂ ನಗುತ್ತಿದ್ದವರೇ. ಮನುಷ್ಯರನ್ನು ಕಾಡಿದ್ದು ಸಾಲದೆಂದು ಈ ವ್ಯಾಧಿಯು ಇಲಿ ಹಿಡಿಯುವ ಪ್ರಾಣಿಯನ್ನೂ ಹಿಡಿಯುವುದೆ ಎಂದು ಕೇಳುತ್ತಿದ್ದೆವು. ನಮ್ಮ ಮನೆಯ ಕೆಂಚನೆಂಬ ಬೆಕ್ಕು ಆ ನಗೆಯನ್ನು ನಿಲ್ಲಿಸಿ, ದಿನಕ್ಕೆರಡು ಬಾರಿ ಅದರ ಕಿವಿಯನ್ನು ಚುಚ್ಚಿ ಒಂದು ಹನಿ ರಕ್ತವನ್ನು ತೆಗೆಯುವ ವಿದ್ಯೆಯನ್ನು ನಮಗೆ ಕಲಿಸಿತು. ಬೆಕ್ಕು ಸಾಕಿರುವ ಗೃಹಸ್ಥರು ಈಚೆಗೆ ಪಟ್ಟಣಗಳಲ್ಲಿ ಹೆಚ್ಚಾಗಿರುವುದರಿಂದಲೂ, ಕಲಿಯುವಾಗ ನಾವು ಮಾಡಿದ ತಪ್ಪುಗಳಲ್ಲೊಂದು ಆ ಪ್ರಾಣಿಯ ಜೀವಕ್ಕೇ ಮುಟ್ಟುವಂತಿದ್ದುದರಿಂದಲೂ ಈ ವಿಷಯವನ್ನು ಸ್ವಲ್ಪ ವಿಸ್ತಾರವಾಗಿಯೇ ಬರೆಯಬೇಕೆಂದು ತೋರಿತು.

ಕೆಂಚನು ಹೆಸರಿಗೆ ತಕ್ಕ ಕೆಂಬಣ್ಣದ ಗಂಡುಬೆಕ್ಕು. ಹನ್ನೊಂದು ವರ್ಷದ ವಯಸ್ಸು. ಊರೂರು ಅಲೆದು ಕಚ್ಚಾಡಿ ಬರಬಾರದೆಂದು ಎಳೆಯದರಲ್ಲೇ ಅದಕ್ಕೆ ಶಸ್ತ್ರಚಿಕಿತ್ಸೆ ಮಾಡಿಸಿದ್ದೆವು. ಅಂದಿನಿಂದ ಅದು ಮನೆಯ ಕಿಟಕಿಯಲ್ಲಿ ಕುಳಿತು, ಹಾಲನ್ನವನ್ನೂ ಅಂಗಡಿಯಿಂದ ತಂದ ಬೆಕ್ಕಿನ ಬಿಸ್ಕತ್ತನ್ನೂ ತಿಂದು, ಆರೂವರೆ ಕಿಲೋಗ್ರಾಂ ತೂಗುವ ಗೃಹಸ್ಥನಾಗಿ ಬೆಳೆದಿತ್ತು. ಆ ಸ್ಥೂಲದೇಹವು ಅದರ ಆರೋಗ್ಯದ ಗುರುತೆಂದು ನಾವು ತಿಳಿದಿದ್ದೆವು. ಒಂದು ಬೇಸಗೆಯಲ್ಲಿ ಅದು ಇದ್ದಕ್ಕಿದ್ದಂತೆ ಬಹಳ ನೀರು ಕುಡಿಯಲಾರಂಭಿಸಿತು. ಬಚ್ಚಲಿನ ಬಕೀಟಿಗೆ ತಲೆ ಹಾಕಿ ಕುಡಿಯುವುದು, ದೇವರ ಮನೆಯ ತಂಬಿಗೆಗೂ ಬಾಯಿ ಹಾಕಿ ಬೈಸಿಕೊಳ್ಳುವುದು ನಡೆಯಿತು. ಸೆಕೆಯೆಂದುಕೊಂಡೆವು. ತಿನ್ನುವುದು ಹೆಚ್ಚಾಯಿತು, ಆದರೆ ಬೆನ್ನೆಲುಬು ಕೈಗೆ ಸಿಕ್ಕತೊಡಗಿತು. ಮಳೆ ಬಿದ್ದ ಮೇಲೂ ಬಾಯಾರಿಕೆ ನಿಲ್ಲಲಿಲ್ಲ. ಜಗಲಿಗೆ ಹಾರುವಾಗ ಹಿಂಗಾಲು ಜಾರುತ್ತಿತ್ತು. ಬೆರಳ ಮೇಲೆ ನಡೆಯಬೇಕಾದ ಪ್ರಾಣಿಯು ಹಿಮ್ಮಡಿಯನ್ನು ನೆಲಕ್ಕೆ ಊರಿ ನಡೆಯುತ್ತಿತ್ತು.

ರೋಗವನ್ನು ಮೊದಲು ಗುರುತಿಸಿದವರು ವೈದ್ಯರಲ್ಲ, ನಮ್ಮ ತಾಯಿಯವರು. ಬೆಕ್ಕಿನ ಮರಳಿನ ತಟ್ಟೆಯನ್ನು ತೆಗೆದಿಡಹೋದವರು ಅದರ ಸುತ್ತಲೂ ಇರುವೆಗಳ ಸಾಲನ್ನು ಕಂಡು, "ಇದಕ್ಕೂ ನನ್ನ ಕಾಯಿಲೆಯೇ ಬಂದಿದೆ ಕಣಪ್ಪ" ಎಂದರು. ಅವರು ಹದಿನಾಲ್ಕು ವರ್ಷಗಳಿಂದ ಸಕ್ಕರೆ ಕಾಯಿಲೆಯವರು. ಇರುವೆಯ ಈ ಸಾಕ್ಷ್ಯವು ಹೊಸದಲ್ಲ. ಚರಕಸಂಹಿತೆಯು ಪ್ರಮೇಹದ ಪೂರ್ವಲಕ್ಷಣಗಳಲ್ಲಿ ಮೂತ್ರಕ್ಕೆ ಇರುವೆ ಮುತ್ತುವುದನ್ನೂ ಎಣಿಸಿದೆ. ರಕ್ತದಲ್ಲಿ ಸಕ್ಕರೆಯು ಒಂದು ಮೇರೆಯನ್ನು ಮೀರಿದಾಗ ಮೂತ್ರಪಿಂಡಗಳು ಅದನ್ನು ಹಿಡಿದಿಡಲಾರದೆ ಹೊರಕ್ಕೆ ಬಿಡುತ್ತವೆ. ಬೆಕ್ಕಿನಲ್ಲಿ ಈ ಮೇರೆಯು ನೂರು ಮಿಲಿಲೀಟರು ರಕ್ತಕ್ಕೆ ಸುಮಾರು 250 ಮಿಲಿಗ್ರಾಮಿನಿಂದ ಮೇಲಕ್ಕೆ ಇರುವುದು. ಸಕ್ಕರೆಯು ಹೋಗುವಾಗ ತನ್ನೊಡನೆ ನೀರನ್ನೂ ಸೆಳೆದುಕೊಂಡು ಹೋಗುವುದರಿಂದಲೇ ಆ ಬಾಯಾರಿಕೆ. ತಿಂದ ಆಹಾರವು ಮೈಗೆ ಹತ್ತದೆ ಹರಿದುಹೋಗುವುದರಿಂದಲೇ ಆ ಹಸಿವೂ ಕೃಶತೆಯೂ. ಹಿಮ್ಮಡಿ ಊರಿ ನಡೆಯುವುದು ನರಗಳಿಗೆ ತಗುಲಿದ ಹಾನಿಯ ಗುರುತು.

ಬೆಕ್ಕಿಗೆ ಬರುವ ಈ ರೋಗವು ಬಹುಮಟ್ಟಿಗೆ ನಡುವಯಸ್ಸಿನ ಮನುಷ್ಯರಿಗೆ ಬರುವುದರ ಜಾತಿಯದೇ. ಮೇದೋಜೀರಕ ಗ್ರಂಥಿಯಲ್ಲಿ ಹುಟ್ಟುವ ಇನ್ಸುಲಿನ್ನಿಗೆ ಮೊದಲು ದೇಹವು ಮಣಿಯದೆ ಹೋಗುವುದು. ತರುವಾಯ ಗ್ರಂಥಿಯೇ ದಣಿದು ಸೋಲುವುದು. ವಿವಿಧ ದೇಶಗಳ ಪಶುವೈದ್ಯರ ಎಣಿಕೆಯಂತೆ ನೂರು ಬೆಕ್ಕುಗಳಿಗೊಂದರಿಂದ ಐನೂರಕ್ಕೊಂದರವರೆಗೆ ಇದಕ್ಕೆ ಈಡಾಗುತ್ತವೆ. ಕೊಬ್ಬಿದವು, ಶಸ್ತ್ರಚಿಕಿತ್ಸೆಯಾದ ಗಂಡುಗಳು, ಮನೆಯೊಳಗೇ ಇರುವವು, ವಯಸ್ಸು ಕಳೆದವು, ಬೇರೆ ಕಾಯಿಲೆಗಾಗಿ ಸ್ಟೆರಾಯ್ಡ್ ಮದ್ದನ್ನು ಬಹಳ ದಿನ ತಿಂದವು, ಇವುಗಳಿಗೆ ಭಯ ಹೆಚ್ಚು. ಕೆಂಚನಿಗೆ ಕೊನೆಯದೊಂದನ್ನು ಬಿಟ್ಟು ಮಿಕ್ಕೆಲ್ಲ ಯೋಗ್ಯತೆಗಳೂ ಇದ್ದುವು. ಇದರಲ್ಲಿ ಒಂದು ವಿಚಿತ್ರವುಂಟು. ಬೆಕ್ಕಿನ ನಾಲಗೆಗೆ ಸಿಹಿಯ ರುಚಿಯೇ ತಿಳಿಯದು; ಸಿಹಿಯನ್ನು ಗುರುತಿಸುವ ಅಂಶವನ್ನು ಕಟ್ಟತಕ್ಕ ವಂಶಬೀಜವು ಬೆಕ್ಕಿನ ಜಾತಿಯಲ್ಲಿ ಕೆಟ್ಟುಹೋಗಿದೆಯೆಂದು 2005ರಲ್ಲಿ ಅಮೆರಿಕದ ವಿಜ್ಞಾನಿಗಳು ತೋರಿಸಿಕೊಟ್ಟರು. ಸಕ್ಕರೆಯ ರುಚಿಯನ್ನೇ ಕಾಣದ ಪ್ರಾಣಿಗೆ ಸಕ್ಕರೆ ಕಾಯಿಲೆ! ಹುಟ್ಟಿನಿಂದ ಮಾಂಸಾಹಾರಿಯಾದ ಅದಕ್ಕೆ ಅನ್ನವನ್ನೂ ಹಿಟ್ಟಿನ ಬಿಸ್ಕತ್ತನ್ನೂ ಹನ್ನೊಂದು ವರ್ಷ ತಿನ್ನಿಸಿದವರು ನಾವು.

ತಾಯಿಯವರ ಮಾತನ್ನು ನಂಬಿ ಕೆಂಚನನ್ನು ಬುಟ್ಟಿಯಲ್ಲಿ ಹಾಕಿ, ಆಟೋ ರಿಕ್ಷಾದಲ್ಲಿ ಪಶುವೈದ್ಯರಲ್ಲಿಗೆ ಒಯ್ದೆವು. ದಾರಿಯುದ್ದಕ್ಕೂ ಅದು ಕೂಗಿದ ಕೂಗನ್ನು ನೆನೆದರೆ ಈಗಲೂ ಸಂಕಟವಾಗುವುದು. ಅಲ್ಲಿ ನೋಡಿದ ರಕ್ತದಲ್ಲಿ ಸಕ್ಕರೆ 412 ಇತ್ತು. ಆರೋಗ್ಯವಾದ ಬೆಕ್ಕಿನಲ್ಲಿ ಇದು ಸುಮಾರು 80ರಿಂದ 120ರವರೆಗೆ ಇರತಕ್ಕದ್ದು. ಆದರೂ ವೈದ್ಯರು ಕೂಡಲೆ ರೋಗವನ್ನು ನಿಶ್ಚಯಿಸಲಿಲ್ಲ. ಬೆಕ್ಕು ಹೆದರಿದಾಗ ರೋಗವೇನೂ ಇಲ್ಲದೆಯೇ ಅದರ ರಕ್ತದ ಸಕ್ಕರೆಯು 300ನ್ನು ಮೀರಿಬಿಡುವುದುಂಟೆಂದೂ, ಬುಟ್ಟಿ, ರಿಕ್ಷಾ, ನಾಯಿಯ ಬೊಗಳು ಇವುಗಳ ಪಾಲು ಆ ಅಂಕದಲ್ಲಿ ಎಷ್ಟೆಂದು ಹೇಳಲಾಗದೆಂದೂ ತಿಳಿಸಿದರು. ಆದುದರಿಂದ ಮೂತ್ರದಲ್ಲಿ ಸಕ್ಕರೆಯನ್ನು ಹುಡುಕಿದರು. ಹಿಂದಿನ ಒಂದೆರಡು ವಾರಗಳ ಸರಾಸರಿಯನ್ನು ತೋರಿಸತಕ್ಕ ಫ್ರಕ್ಟೋಸಮೀನ್ ಎಂಬ ಪರೀಕ್ಷೆಗೂ ರಕ್ತವನ್ನು ಕಳುಹಿಸಿದರು. ಎರಡೂ ತಾಯಿಯವರ ಪಕ್ಷಕ್ಕೇ ಬಂದುವು. ಗ್ಲಾರ್ಜೀನ್ ಎಂಬ ನಿಧಾನವಾಗಿ ಕೆಲಸಮಾಡುವ ಇನ್ಸುಲಿನ್ನನ್ನು ಹನ್ನೆರಡು ಗಂಟೆಗೊಮ್ಮೆ ಒಂದೊಂದು ಯೂನಿಟ್ಟಿನಂತೆ ಚರ್ಮದಡಿ ಚುಚ್ಚಬೇಕೆಂದು ಗೊತ್ತಾಯಿತು.

ಇನ್ಸುಲಿನ್ನಿನ ಕಥೆಯನ್ನು ಬಲ್ಲವರಿಗೆ ಇದರಲ್ಲಿ ಒಂದು ಋಣಸಂದಾಯವೂ ಕಾಣುವುದು. 1889ರಲ್ಲಿ ಸ್ಟ್ರಾಸ್‌ಬರ್ಗಿನಲ್ಲಿ ಮಿಂಕೊವ್ಸ್ಕಿ, ಫಾನ್ ಮೆರಿಂಗ್ ಎಂಬವರು ನಾಯಿಯ ಮೇದೋಜೀರಕ ಗ್ರಂಥಿಯನ್ನು ತೆಗೆದಾಗಲೇ ಈ ರೋಗದ ಮೂಲವು ಅಲ್ಲಿದೆಯೆಂದು ಗೊತ್ತಾದುದು. 1921ರಲ್ಲಿ ಟೊರಾಂಟೊ ನಗರದಲ್ಲಿ ಬ್ಯಾಂಟಿಂಗ್ ಮತ್ತು ಬೆಸ್ಟ್ ಎಂಬವರು ಮದ್ದನ್ನು ಪರೀಕ್ಷಿಸಿದ್ದೂ ನಾಯಿಗಳ ಮೇಲೆಯೇ. ಮರುವರ್ಷದ ಜನವರಿಯಲ್ಲಿ ಅದು ಹದಿನಾಲ್ಕು ವರ್ಷದ ಹುಡುಗನೊಬ್ಬನಿಗೆ ಸಿಕ್ಕಿತು. ಮೂಕಪ್ರಾಣಿಗಳಿಂದ ಮನುಷ್ಯನಿಗೆ ಬಂದ ವಿದ್ಯೆಯು ಈಗ ಮನುಷ್ಯನಿಂದ ಬೆಕ್ಕಿಗೆ ಮರಳಿದೆ. ಬೆಕ್ಕಿನ ಇನ್ಸುಲಿನ್ನಿಗೂ ದನದ ಇನ್ಸುಲಿನ್ನಿಗೂ ಒಂದೇ ಒಂದು ಕೊಂಡಿಯ ಭೇದವಂತೆ.

ಚುಚ್ಚುವುದು ಕಷ್ಟವಾಗಲಿಲ್ಲ. ಅನ್ನದ ಬಟ್ಟಲಿನ ಮುಂದೆ ಕುಳಿತ ಬೆಕ್ಕಿನ ಭುಜದ ಹಿಂದಿನ ಸಡಿಲ ಚರ್ಮವನ್ನು ಎತ್ತಿ ಆ ಕೂದಲೆಳೆಯಂತಹ ಸೂಜಿಯನ್ನು ಇಳಿಸಿದರೆ ಅದು ತಲೆಯನ್ನೂ ಎತ್ತುವುದಿಲ್ಲ. ಕಷ್ಟವಾದುದು ಮದ್ದು ಹೆಚ್ಚಾಯಿತೋ ಕಡಮೆಯಾಯಿತೋ ತಿಳಿಯುವುದು. ಕಡಮೆಯಾದರೆ ರೋಗವು ಹಾಗೆಯೇ ಉಳಿಯುವುದು. ಹೆಚ್ಚಾದರೆ ಸಕ್ಕರೆಯು ಇಳಿದು, ಮೆದುಳಿಗೆ ಆಹಾರವಿಲ್ಲದೆ ಒಂದು ರಾತ್ರಿಯಲ್ಲಿ ಪ್ರಾಣವೇ ಹೋದೀತು. ವೈದ್ಯಶಾಲೆಗೆ ಒಯ್ದು ನೋಡೋಣವೆಂದರೆ ಭಯದ ಸಕ್ಕರೆಯು ಸೇರಿ ಅಂಕವು ಸುಳ್ಳಾಗುವುದು. ಎರಡು ಬಾರಿ ಒಯ್ದಾಗಲೂ ಹೀಗಾಗಲಾಗಿ ವೈದ್ಯರು, "ಇದನ್ನು ನೀವು ಮನೆಯಲ್ಲೇ ನೋಡುವುದನ್ನು ಕಲಿತುಕೊಳ್ಳಿ. ನಿಮ್ಮ ತಾಯಿಯವರ ಬೆರಳಿನಲ್ಲಿ ನೋಡುವುದಿಲ್ಲವೆ? ಬೆಕ್ಕಿಗೆ ಬೆರಳಿನ ಬದಲು ಕಿವಿ, ಅಷ್ಟೆ" ಎಂದರು.

1970ರ ದಶಕದ ಆರಂಭದಲ್ಲಿ ರಕ್ತದ ಸಕ್ಕರೆಯನ್ನು ಅಳೆಯುವ ಮೊದಲ ಯಂತ್ರವು ಬಂದಾಗ ಅದು ಒಂದು ಕಿಲೋಗ್ರಾಮಿಗೂ ಮೀರಿ ತೂಗುತ್ತಿತ್ತು. ವೈದ್ಯರ ಮೇಜಿನ ಮೇಲೆ ಮಾತ್ರ ಇರತಕ್ಕ ವಸ್ತುವಾಗಿತ್ತು. ಈಗಿನದು ಅಂಗೈಯಲ್ಲಿ ಅಡಗುವುದು. ಬೆಕ್ಕುನಾಯಿಗಳ ಕಿವಿಯಿಂದ ಹನಿರಕ್ತವನ್ನು ತೆಗೆದು ಈ ಸಣ್ಣ ಯಂತ್ರದಲ್ಲಿ ಅಳೆಯುವ ಕ್ರಮವನ್ನೂ, ಅದನ್ನು ಸಾಕಿದವರೇ ಮನೆಯಲ್ಲಿ ಮಾಡಬಲ್ಲರೆಂಬುದನ್ನೂ 2000ದ ಸುಮಾರಿಗೆ ಸ್ವಿಟ್ಸರ್ಲೆಂಡಿನ ಜೂರಿಕ್ ವಿಶ್ವವಿದ್ಯಾಲಯದ ಪಶುವೈದ್ಯರು ಪರೀಕ್ಷಿಸಿ ಪ್ರಕಟಿಸಿದರು. ಸಾಮಾನ್ಯ ಗೃಹಸ್ಥರು ಮಾಡಬಲ್ಲರೆಂದು ಅವರೇನೋ ಬರೆದರು; ಮೊದಲ ದಿನ ನಮ್ಮ ಪಾಡು ಬೇರೆಯಾಯಿತು. ಒಂಬತ್ತು ಸ್ಟ್ರಿಪ್ಪುಗಳು ಹಾಳಾದುವು. ಕೆಂಚನು ಅಟ್ಟವನ್ನೇರಿತು. ನಮ್ಮ ಮನೆಯಾಕೆಯ ಬೆರಳಿಗೆ ಸೂಜಿ ತಗುಲಿ, ಯಂತ್ರವು ಅವರ ಸಕ್ಕರೆಯನ್ನು 96 ಎಂದು ತೋರಿಸಿತು. ಅಂದಿನ ಲಾಭವೆಂದರೆ ಅದೊಂದೇ.

ತಪ್ಪು ನಮ್ಮ ಅವಸರದ್ದಾಗಿತ್ತು. ತಣ್ಣಗಿನ ಕಿವಿಯಿಂದ ರಕ್ತ ಬಾರದು. ಒಂದು ಹಿಡಿ ಅಕ್ಕಿಯನ್ನು ಬಾಣಲೆಯಲ್ಲಿ ಬೆಚ್ಚಗೆ ಮಾಡಿ, ಹಳೆಯ ಕಾಲುಚೀಲಕ್ಕೆ ಸುರಿದು ಗಂಟುಹಾಕಿ, ನಮ್ಮ ಮಣಿಕಟ್ಟಿಗೆ ಮುಟ್ಟಿಸಿ ಬಿಸಿ ಹದವಾಗಿದೆಯೆಂದು ಕಂಡುಕೊಂಡ ಮೇಲೆ ಬೆಕ್ಕಿನ ಕಿವಿಗೆ ಒಂದು ನಿಮಿಷ ಹಿಡಿಯಬೇಕು. ಮೈಯ ಮೇಲೆ ಬೆಚ್ಚನೆಯ ವಸ್ತು ಬಿದ್ದರೆ ಬೆಕ್ಕು ಕಣ್ಣುಮುಚ್ಚುವುದು. ಅರ್ಧ ಕೆಲಸ ಅಲ್ಲಿಗೆ ಮುಗಿಯಿತು. ಕಿವಿಯ ಹೊರ ಅಂಚಿನುದ್ದಕ್ಕೂ ಒಂದು ಸಣ್ಣ ರಕ್ತನಾಳವು ಓಡುವುದು. ಹಿಂದಿನಿಂದ ದೀಪವನ್ನು ಹಿಡಿದರೆ ಕೆಂಪು ದಾರದಂತೆ ಕಾಣುವುದು. ಚುಚ್ಚಬೇಕಾದುದು ಆ ನಾಳವನ್ನಲ್ಲ. ನಾಳಕ್ಕೂ ಅಂಚಿಗೂ ನಡುವಣ ಚರ್ಮವನ್ನು. ಕಿವಿಯ ಒಳಗಡೆ ಮಡಿಸಿದ ಹತ್ತಿಯನ್ನು ಆಧಾರವಾಗಿ ಹಿಡಿದುಕೊಳ್ಳಬೇಕು; ಇಲ್ಲದಿದ್ದರೆ ಸೂಜಿಯು ತೆಳು ಕಿವಿಯನ್ನು ದಾಟಿ ನಮ್ಮ ಬೆರಳಿಗೇ ಬರುವುದು, ಮೇಲೆ ಹೇಳಿದಂತೆ. ಚುಚ್ಚುವ ಜಾಗಕ್ಕೆ ವ್ಯಾಸಲೀನನ್ನು ಇದ್ದೂ ಇಲ್ಲದಂತೆ ಸವರಿದರೆ ರಕ್ತವು ಕೂದಲಿನೊಳಕ್ಕೆ ಹರಡದೆ ಸಾಸುವೆ ಕಾಳಿನಂತೆ ಗುಂಡಗೆ ನಿಲ್ಲುವುದು. ಸ್ಪಿರಿಟ್ಟನ್ನು ಮಾತ್ರ ಹಚ್ಚಬಾರದು; ಅದು ಉರಿಯುವುದಲ್ಲದೆ, ಆರದೆ ಉಳಿದರೆ ಅಂಕವನ್ನೂ ಕೆಡಿಸುವುದು.

ಸ್ಟ್ರಿಪ್ಪನ್ನು ಮೊದಲೇ ಯಂತ್ರಕ್ಕೆ ಸಿಕ್ಕಿಸಿ ಸಿದ್ಧವಾಗಿಟ್ಟುಕೊಂಡಿರಬೇಕು. ಹನಿ ಮೂಡಿದ ಕೂಡಲೆ ಸ್ಟ್ರಿಪ್ಪಿನ ತುದಿಯನ್ನು ಅದರ ಅಂಚಿಗೆ ಮುಟ್ಟಿಸಿದರೆ ಸಾಕು, ಅದೇ ಹೀರಿಕೊಳ್ಳುವುದು. ಒತ್ತಬಾರದು, ಒರಸಬಾರದು. ಕೆಲವು ಸೆಕೆಂಡುಗಳಲ್ಲಿ ಅಂಕ ಬರುವುದು. ಆಮೇಲೆ ಹತ್ತಿಯಿಂದ ಕಿವಿಯನ್ನು ಅರ್ಧ ನಿಮಿಷ ಅದುಮಿ ಹಿಡಿಯುವುದನ್ನು ಮರೆತರೆ ನೀಲಿ ಗಂಟಾಗಿ ನೋಯುವುದು. ಹೊಸದರಲ್ಲಿ ಸ್ವಲ್ಪ ದಪ್ಪ ಸೂಜಿಯೇ ಮೇಲು. ದಿನಕಳೆದಂತೆ ಕಿವಿಯಲ್ಲಿ ಸಣ್ಣ ನಾಳಗಳು ಹೆಚ್ಚಿ, ತೆಳು ಸೂಜಿಗೂ ರಕ್ತ ಬರುವುದು. ಒಂದೊಂದು ದಿನ ಒಂದೊಂದು ಕಿವಿ. ರಕ್ತ ಬಾರದಿದ್ದರೆ ಎರಡಕ್ಕಿಂತ ಹೆಚ್ಚು ಬಾರಿ ಚುಚ್ಚದೆ ಬಿಟ್ಟು, ಬೆಕ್ಕು ಒಂದು ಸುತ್ತು ತಿರುಗಾಡಿ ಬಂದ ಮೇಲೆ ಮತ್ತೆ ನೋಡಬೇಕು. ಕಿವಿಯನ್ನು ಮುಟ್ಟಗೊಡದ ಬೆಕ್ಕಿಗೆ ಮುಂಗಾಲಿನ ಅಂಗಾಲಿನ ದೊಡ್ಡ ಮೆತ್ತೆಯ ಅಂಚಿನಲ್ಲಿ ತೆಗೆಯುವುದೂ ಉಂಟು. ಬಂದರೂ ಬಾರದಿದ್ದರೂ ಕೊನೆಗೆ ಒಂದು ಚೂರು ಬೇಯಿಸಿದ ಕೋಳಿಮಾಂಸದ ಬಹುಮಾನವನ್ನು ಮಾತ್ರ ತಪ್ಪಿಸಕೂಡದು. ಎರಡು ವಾರಗಳಲ್ಲಿ ಕೆಂಚನು ಅಕ್ಕಿಯ ಚೀಲವನ್ನು ಕಂಡರೆ ತಾನಾಗಿ ಬಂದು ಮಡಿಲಲ್ಲಿ ಕೂರತೊಡಗಿತು.

ಆ ಕೋಳಿಮಾಂಸದ ವಿಷಯದಲ್ಲಿ ಮನೆಯಲ್ಲಿ ಒಂದು ಸಣ್ಣ ರಾಜ್ಯಕ್ರಾಂತಿಯೇ ಆಯಿತೆನ್ನಬೇಕು. ನಮ್ಮ ಮನೆಯಲ್ಲಿ ಮಾಂಸದ ಬಳಕೆಯಿಲ್ಲ. ವೈದ್ಯರು ಹಾಲನ್ನವನ್ನೂ ಬಿಸ್ಕತ್ತನ್ನೂ ನಿಲ್ಲಿಸಿ, ಹಿಟ್ಟಿನಂಶ ಕಡಮೆಯಿರುವ ಮಾಂಸದ ಡಬ್ಬಿಯ ಆಹಾರವನ್ನೇ ಕೊಡಬೇಕೆಂದಾಗ ತಾಯಿಯವರಿಗೆ ಹೇಗೆ ಹೇಳುವುದೆಂದು ನಾವು ಎರಡು ದಿನ ಯೋಚಿಸಿದೆವು. ಕೇಳಿ ಅವರು ಒಂದು ಗಳಿಗೆ ಸುಮ್ಮನಿದ್ದು, "ನನಗೆ ಅನ್ನ ಬಿಡಿಸಿ ರಾಗಿ ತಿನ್ನಿಸಿದಿರಿ, ನಾನು ತಿನ್ನಲಿಲ್ಲವೆ? ಅದರ ಪಥ್ಯ ಅದಕ್ಕೆ. ಹಿತ್ತಲ ಜಗಲಿಯಲ್ಲಿ ಬೇರೆ ಒಲೆ ಇಟ್ಟುಕೊಳ್ಳಿ" ಎಂದುಬಿಟ್ಟರು.

ಯಂತ್ರವನ್ನು ಕುರಿತು ಒಂದು ಮಾತು. ಮನುಷ್ಯರ ರಕ್ತದಲ್ಲಿ ಸಕ್ಕರೆಯು ಕೆಂಪುಕಣಗಳಲ್ಲಿಯೂ ಕಣಗಳ ಸುತ್ತಲಿನ ದ್ರವದಲ್ಲಿಯೂ ಹಂಚಿಕೊಂಡಿರುವುದು; ಬೆಕ್ಕಿನ ರಕ್ತದಲ್ಲಿ ಅದರ ಬಹುಭಾಗವೆಲ್ಲ ದ್ರವದಲ್ಲಿಯೇ ಇರುವುದು. ಆದುದರಿಂದ ಮನುಷ್ಯರಿಗಾಗಿ ಮಾಡಿದ ಯಂತ್ರವು ಬೆಕ್ಕಿನ ಸಕ್ಕರೆಯನ್ನು ಸಾಮಾನ್ಯವಾಗಿ ಇದ್ದುದಕ್ಕಿಂತ ಕಡಮೆಯಾಗಿ ತೋರಿಸುವುದು. ಪ್ರಾಣಿಗಳಿಗೆಂದೇ ಹೊಂದಿಸಿದ ಯಂತ್ರಗಳುಂಟು. ಅವುಗಳ ಸ್ಟ್ರಿಪ್ಪುಗಳಿಗೆ ಬೆಲೆ ಹೆಚ್ಚು, ಎಲ್ಲ ಊರುಗಳಲ್ಲಿಯೂ ಸಿಕ್ಕುವುದೂ ಇಲ್ಲ. ಮನುಷ್ಯರ ಯಂತ್ರದಿಂದಲೂ ಕೆಲಸ ನಡೆಯುವುದು, ಆದರೆ ಯಾವ ಯಂತ್ರದಲ್ಲಿ ನೋಡಿದ ಅಂಕವೆಂಬುದನ್ನು ವೈದ್ಯರಿಗೆ ತಿಳಿಸಿ, ಅದೊಂದನ್ನೇ ಕೊನೆಯವರೆಗೂ ಬಳಸಬೇಕು. ಇವತ್ತು ಒಂದು, ನಾಳೆ ಇನ್ನೊಂದು ಎಂದರೆ ಅಂಕಗಳನ್ನು ಹೋಲಿಸಲಾಗದು. ನಾವು ತಾಯಿಯವರ ಯಂತ್ರದ ಜಾತಿಯದನ್ನೇ ಇನ್ನೊಂದನ್ನು ಕೊಂಡೆವು. ಮನುಷ್ಯರಿಗೆ ಚುಚ್ಚಿದ ಸೂಜಿಯನ್ನು ಬೆಕ್ಕಿಗಾಗಲಿ, ಬೆಕ್ಕಿನದನ್ನು ಮನುಷ್ಯರಿಗಾಗಲಿ ಬಳಸಬಾರದೆಂದು ಹೇಳಬೇಕಾಗಿಲ್ಲ. ಬಳಸಿದ ಸೂಜಿಗಳನ್ನು ಬಿಗಿಮುಚ್ಚಳದ ಡಬ್ಬಿಯಲ್ಲಿ ಕೂಡಿಟ್ಟು ವೈದ್ಯಶಾಲೆಗೆ ಕೊಟ್ಟರೆ ಕಸ ಬಳಿಯುವವರ ಕೈ ಉಳಿಯುವುದು.

ನಮಗೆ ಹೇಳಿದ ಕ್ರಮವೇನೆಂದರೆ: ಬೆಳಗ್ಗೆ ಏಳಕ್ಕೂ ಸಂಜೆ ಏಳಕ್ಕೂ ಆಹಾರಕ್ಕೆ ಮುಂಚೆ ನೋಡಬೇಕು, 200ಕ್ಕೆ ಕೆಳಗಿದ್ದರೆ ಮದ್ದನ್ನು ಚುಚ್ಚದೆ ವೈದ್ಯರಿಗೆ ತಿಳಿಸಬೇಕು, ಕೆಲವು ವಾರಗಳಿಗೊಮ್ಮೆ ಒಂದು ಹಗಲು ಪೂರಾ ಎರಡು ಗಂಟೆಗೊಂದು ಬಾರಿ ನೋಡಿ ಬರೆಯಬೇಕು. ಮೊದಲ ಭಾನುವಾರ ನಾವು ಬರೆದುದು ಹೀಗಿದೆ. ಏಳು ಗಂಟೆಗೆ 318, ಒಂಬತ್ತಕ್ಕೆ 274, ಹನ್ನೊಂದಕ್ಕೆ 201, ಒಂದಕ್ಕೆ 156, ಮೂರಕ್ಕೆ 163, ಐದಕ್ಕೆ 228, ಏಳಕ್ಕೆ 297. ಮದ್ದು ಎಷ್ಟು ಕೆಳಕ್ಕೆ ಎಳೆಯಿತು, ಎಷ್ಟು ಹೊತ್ತಿಗೆ ಎಳೆಯಿತು, ಎಷ್ಟು ಹೊತ್ತು ಹಿಡಿದಿತ್ತು ಎಂಬ ಮೂರೂ ಇದರಿಂದ ತಿಳಿಯುತ್ತವೆ. ಬೆಳಗಿನ ಒಂದೇ ಅಂಕವನ್ನು ಕಂಡು "ಇನ್ನೂ ಬಹಳವಿದೆ" ಎಂದು ಮದ್ದನ್ನು ಏರಿಸಿದ್ದರೆ ನಡುಹಗಲಿನ 156 ಎಲ್ಲಿಗೆ ಇಳಿಯುತ್ತಿತ್ತೋ! ಆದುದರಿಂದಲೇ ಪ್ರಮಾಣವನ್ನು ಬದಲಿಸುವ ಅಧಿಕಾರವನ್ನು ವೈದ್ಯರಿಗೇ ಬಿಟ್ಟು, ಬರೆಯುವ ಕೆಲಸವನ್ನು ಮಾತ್ರ ಮನೆಯವರು ಇಟ್ಟುಕೊಳ್ಳಬೇಕು.

ಇನ್ನು ಮೊದಲೇ ಸೂಚಿಸಿದ ತಪ್ಪಿನ ವಿಷಯ. ಚಿಕಿತ್ಸೆ ಮೊದಲಾಗಿ ಎರಡು ತಿಂಗಳಾಗಿತ್ತು. ಒಂದು ಗುರುವಾರ ಸಿರಿಂಜುಗಳು ಮುಗಿಯಲಾಗಿ, ಹತ್ತಿರದ ಔಷಧದಂಗಡಿಯಿಂದ ಹೊಸ ಕಟ್ಟನ್ನು ತಂದೆವು. "ಇನ್ಸುಲಿನ್ ಸಿರಿಂಜು" ಎಂದು ಕೇಳಿದೆವು. ಇನ್ಸುಲಿನ್ ಸಿರಿಂಜನ್ನೇ ಕೊಟ್ಟರು. ಗುರುವಾರ ಎರಡು ಹೊತ್ತೂ, ಶುಕ್ರವಾರ ಬೆಳಗ್ಗೆಯೂ ಅದರಿಂದಲೇ ಯಥಾಪ್ರಕಾರ ಒಂದು ಗೆರೆಯವರೆಗೆ ಎಳೆದು ಚುಚ್ಚಿದೆವು. ಶುಕ್ರವಾರ ಬೆಳಗಿನ ಅಂಕವು 206 ಆಗಿತ್ತು. ಎಂದೂ ಅಷ್ಟು ಇಳಿದಿರಲಿಲ್ಲ. ಪಥ್ಯವು ಫಲಿಸಿತೆಂದು ಹಿಗ್ಗಿದೆವು. ಆ ಸಂಜೆ ಬಂಧುಗಳೊಬ್ಬರ ಮಗಳ ಆರತಕ್ಷತೆಗೆ ಹೊರಟಿದ್ದೆವು. ಕೆಂಚನು ಅಡಿಗೆಯ ಮನೆಯಲ್ಲಿ ಕಾಲಿಗೆ ಸುತ್ತಿಕೊಂಡು ಅನ್ನಕ್ಕಾಗಿ ಒಂದೇ ಸಮನೆ ಕೂಗುತ್ತಿತ್ತು. ಹಸಿವು ಚೆನ್ನಾಗಿದೆ, ಇಂದೊಂದು ಹೊತ್ತು ಕಿವಿ ಚುಚ್ಚದೆ ಮದ್ದನ್ನು ಹಾಕಿ ಹೊರಡೋಣವೆಂದು ನಾವು ಸಿರಿಂಜನ್ನು ತುಂಬಿಯೂ ಆಗಿತ್ತು.

"ಆರತಕ್ಷತೆಗೆ ಕಾಲು ಗಂಟೆ ತಡವಾದರೆ ಯಾರೂ ಏನೂ ಅನ್ನುವುದಿಲ್ಲ. ನೋಡದೆ ಚುಚ್ಚಬೇಡ" ಎಂದರು ತಾಯಿಯವರು.

ಜರತಾರಿಯ ಅಂಚು ಕೆಡದಂತೆ ಸೆರಗನ್ನು ಸಿಕ್ಕಿಸಿಕೊಂಡು ನಮ್ಮ ಮನೆಯಾಕೆ ಕಿವಿಯನ್ನು ಹಿಡಿದರು. ಯಂತ್ರವು 54 ಎಂದು ತೋರಿಸಿತು. ಸ್ಟ್ರಿಪ್ಪು ಕೆಟ್ಟಿರಬೇಕೆಂದು ಇನ್ನೊಂದನ್ನು ಹಾಕಿದೆವು: 51. ಅಷ್ಟರಲ್ಲಿ ಬೆಕ್ಕು ಮಡಿಲಿನಿಂದ ಇಳಿದು ನಾಲ್ಕು ಹೆಜ್ಜೆ ನಡೆದು, ಕುಡಿದವರಂತೆ ಓಲಾಡಿ ಗೋಡೆಗೆ ಒರಗಿತು. ಆ ಕೂಗು ಆರೋಗ್ಯದ ಹಸಿವಿನದಾಗಿರಲಿಲ್ಲ.

ದೂರವಾಣಿಯಲ್ಲಿ ವೈದ್ಯರು ಹೇಳಿದಂತೆ ಜೇನುತುಪ್ಪವನ್ನು ಬೆರಳಿನಿಂದ ಒಸಡಿಗೆ ಸವರಿದೆವು; ನುಂಗುವ ಶಕ್ತಿ ಇದ್ದುದರಿಂದ ಕೂಡಲೆ ಆಹಾರವನ್ನೂ ಇಟ್ಟೆವು. ಬೆಕ್ಕಿಗೆ ಸೆಳವು ಬಂದಿದ್ದರೆ, ಇಲ್ಲವೆ ಪ್ರಜ್ಞೆ ತಪ್ಪಿದ್ದರೆ ಬಾಯಿಗೆ ಏನನ್ನೂ ಸುರಿಯಕೂಡದು. ಅದು ಶ್ವಾಸಕೋಶಕ್ಕೆ ಇಳಿದೀತು. ಒಸಡಿಗೆ ಮಾತ್ರ ಸವರಿ ವೈದ್ಯಶಾಲೆಗೆ ಓಡಬೇಕು. ಜೇನಿನ ಬಲವು ಬೇಗ ಬರುವುದು, ಬೇಗ ಹೋಗುವುದು. ಮದ್ದಿನದು ಗಂಟೆಗಟ್ಟಲೆ ಇರುವುದು. ಆದುದರಿಂದ ಅಂಕ ಏರಿತೆಂದು ಮಲಗಿಬಿಡುವಂತಿಲ್ಲ. ಇಪ್ಪತ್ತು ನಿಮಿಷಗಳ ಮೇಲೆ 68, ಮತ್ತೆ 91; ಹತ್ತು ಗಂಟೆಗೆ ಪುನಃ 66ಕ್ಕೆ ಇಳಿಯಿತು. ಮತ್ತೆ ಜೇನು, ಮತ್ತೆ ಆಹಾರ. ಆರತಕ್ಷತೆಯ ಬಟ್ಟೆಯಲ್ಲೇ ನಾವಿಬ್ಬರೂ ನೆಲದ ಮೇಲೆ ಕುಳಿತಿದ್ದೆವು. ತಾಯಿಯವರು ಎಷ್ಟು ಹೇಳಿದರೂ ಮಲಗಲಿಲ್ಲ. ರಾತ್ರಿ ಎರಡು ಗಂಟೆಗೆ 138 ಬಂದಿತು.

ನಡುವೆ ವೈದ್ಯರು ಕೇಳಿದ ಪ್ರಶ್ನೆ ಒಂದೇ. "ಸಿರಿಂಜಿನ ಮುಚ್ಚಳ ಯಾವ ಬಣ್ಣದ್ದು?"

ಕೆಂಪು ಎಂದೆವು. ಮೊದಲಿನದು ಕಿತ್ತಳೆ ಬಣ್ಣದ್ದಾಗಿತ್ತು. ಸಂಜೆಯ ದೀಪದಲ್ಲಿ ಎರಡಕ್ಕೂ ಎಷ್ಟು ಭೇದ ಕಂಡೀತು? ಆದರೆ ಭೇದವು ಎರಡೂವರೆ ಪಾಲಿನದು. ನಮ್ಮ ದೇಶದಲ್ಲಿ ಇನ್ಸುಲಿನ್ನು ಹೆಚ್ಚಾಗಿ ಎರಡು ಸಾಂದ್ರತೆಗಳಲ್ಲಿ ಮಾರಾಟಕ್ಕಿದೆ: ಮಿಲಿಲೀಟರಿಗೆ 40 ಯೂನಿಟ್ಟಿನದು, 100 ಯೂನಿಟ್ಟಿನದು. ಸೀಸೆಗಳಲ್ಲಿ ಬರುವ ಹಳೆಯ ಬಗೆಗಳು ಹೆಚ್ಚಾಗಿ 40ರವು. ಅವಕ್ಕೆ ಕೆಂಪು ಮುಚ್ಚಳದ ಸಿರಿಂಜು. ಗ್ಲಾರ್ಜೀನ್ 100ರದು, ಅದಕ್ಕೆ ಕಿತ್ತಳೆ ಮುಚ್ಚಳದ್ದು. ಕೆಂಪು ಸಿರಿಂಜಿನ ಒಂದು ಗೆರೆಯೆಂದರೆ ಮಿಲಿಲೀಟರಿನ ನಲವತ್ತನೆಯ ಒಂದು ಪಾಲು. ಅದರಲ್ಲಿ 100ರ ಮದ್ದನ್ನು ತುಂಬಿದರೆ ಎರಡೂವರೆ ಯೂನಿಟ್ ಆಗುವುದು. ಮೂರು ಹೊತ್ತು ಕೆಂಚನಿಗೆ ಬಿದ್ದುದು ಅದು. ನಾಲ್ಕನೆಯದು ಮೇಜಿನ ಮೇಲೆ ತುಂಬಿದ್ದಿತು. ಅಂಗಡಿಯವರನ್ನು ದೂರುವಂತಿಲ್ಲ, ಯಾವ ಮದ್ದಿಗೆಂದು ಅವರು ಕೇಳಲಿಲ್ಲ, ನಾವೂ ಹೇಳಲಿಲ್ಲ. ಈಗ ನಮ್ಮ ತಾಯಿಯವರ ಸಿರಿಂಜುಗಳು ಅಡಿಗೆಯ ಮನೆಯ ಕಪಾಟಿನಲ್ಲಿ, ಕೆಂಚನವು ನಡುಮನೆಯಲ್ಲಿ. ಅವರದು ಕೆಂಪು, ಅದರದು ಕಿತ್ತಳೆ. ಮದ್ದಿನ ಸೀಸೆಯ ಮೇಲಿನ ಸಂಖ್ಯೆಯನ್ನೂ ಸಿರಿಂಜಿನ ಮೇಲಿನ ಸಂಖ್ಯೆಯನ್ನೂ ಇಬ್ಬರು ಗಟ್ಟಿಯಾಗಿ ಓದಿದ ಮೇಲೆಯೇ ಹೊಸ ಕಟ್ಟನ್ನು ಒಡೆಯುವುದು. ಮನೆಯಲ್ಲಿ ಮನುಷ್ಯರಿಗೂ ಈ ಕಾಯಿಲೆಯಿದ್ದರೆ ಈ ಎಚ್ಚರವು ಬೆಕ್ಕಿಗಷ್ಟೇ ಅಲ್ಲ.

ಮರುದಿನ ಅಂಕವು 340ಕ್ಕೆ ಏರಿತು. ಎರಡು ದಿನ ಕಳೆದು ವೈದ್ಯರ ಅಪ್ಪಣೆಯಂತೆ ಒಂದು ಯೂನಿಟ್ಟಿನಿಂದಲೇ ಮತ್ತೆ ಆರಂಭಿಸಿದೆವು.

ಈಚೆಗೆ ಕಿವಿಯನ್ನು ಚುಚ್ಚದೆಯೇ ನೋಡುವ ಉಪಾಯಗಳೂ ಬಂದಿವೆ. ಮನುಷ್ಯರು ತೋಳಿಗೆ ಅಂಟಿಸಿಕೊಳ್ಳುವ ನಾಣ್ಯದಂತಹ ಬಿಲ್ಲೆಯನ್ನು ಬೆಕ್ಕಿನ ಕೂದಲನ್ನು ಬೋಳಿಸಿ ಅಂಟಿಸಿದರೆ ಹದಿನಾಲ್ಕು ದಿನಗಳವರೆಗೆ ಅದು ಸಕ್ಕರೆಯನ್ನು ಬಿಡದೆ ತೋರಿಸುವುದು, ಬೆಕ್ಕು ಕಿತ್ತುಹಾಕದಿದ್ದರೆ. ಕೆಂಚನು ಮೂರನೆಯ ದಿನ ಕಿತ್ತುಹಾಕಿತು. ಬಾಯಿಂದ ಕೊಡುವ ಎರಡು ಮದ್ದುಗಳಿಗೆ ಅಮೆರಿಕದಲ್ಲಿ 2022ರ ಡಿಸೆಂಬರಿನಲ್ಲಿಯೂ 2023ರಲ್ಲಿಯೂ ಅನುಮತಿ ದೊರೆಯಿತು; ಅವು ಎಲ್ಲ ಬೆಕ್ಕುಗಳಿಗೂ ಸಲ್ಲವು. ಬೇಗ ಕಂಡುಹಿಡಿದು, ಪಥ್ಯವನ್ನೂ ಇನ್ಸುಲಿನ್ನನ್ನೂ ಬಿಗಿಯಾಗಿ ನಡೆಸಿದರೆ ಎಷ್ಟೋ ಬೆಕ್ಕುಗಳು ಕೆಲವು ತಿಂಗಳುಗಳಲ್ಲಿ ಇನ್ಸುಲಿನ್ನಿನ ಹಂಗೇ ಇಲ್ಲದಂತಾಗುತ್ತವೆ. ಮನುಷ್ಯರಲ್ಲಿ ಅಷ್ಟು ಸುಲಭವಾಗಿ ಕಾಣದ ಭಾಗ್ಯವಿದು. ಅಂತಹ ಬೆಕ್ಕಿಗೆ ಕೊಡುತ್ತಿದ್ದ ಮದ್ದನ್ನೇ ಕೊಡುತ್ತ ಹೋದರೆ ಅಪಾಯವಾಗುವುದರಿಂದ ಕಿವಿಯ ಪರೀಕ್ಷೆಯು ಅಲ್ಲಿ ಇನ್ನೂ ಮುಖ್ಯ.

ಕೆಂಚನಿಗೆ ಆ ಭಾಗ್ಯವು ಇನ್ನೂ ಬಂದಿಲ್ಲ. ಆದರೆ ಬೆರಳ ಮೇಲೆ ನಡೆಯುತ್ತಿದೆ, ಜಗಲಿಗೆ ಹಾರುತ್ತಿದೆ, ದೇವರ ಮನೆಯ ತಂಬಿಗೆಯ ತಂಟೆಗೆ ಹೋಗುತ್ತಿಲ್ಲ. ಮುಂದಿನ ತಿಂಗಳು ನಾವು ನಾಲ್ಕು ದಿನ ಊರಿಗೆ ಹೋಗಬೇಕಾಗಿರುವುದರಿಂದ ಪಕ್ಕದ ಮನೆಯ ಕಾಲೇಜಿನ ಹುಡುಗಿಯು ಬೆಳಗ್ಗೆ ಬಂದು ಕಿವಿ ಹಿಡಿಯುವುದನ್ನು ಅಭ್ಯಾಸ ಮಾಡುತ್ತಿದ್ದಾಳೆ. ಅಕ್ಕಿಯನ್ನು ಬಿಸಿಮಾಡಿಕೊಡುವವರು ತಾಯಿಯವರು. ಅಂಕಗಳನ್ನು ಬರೆಯುವ ಪುಸ್ತಕವೂ ಅವರದೇ. ಎಡಗಡೆಯ ಹಾಳೆ ಅವರಿಗೆ, ಬಲಗಡೆಯದು ಕೆಂಚನಿಗೆ. ಇಂದು ಬೆಳಗ್ಗೆ ಎಡಗಡೆ 142, ಬಲಗಡೆ 238. ಅದರ ಪಕ್ಕದಲ್ಲಿ ಆ ಹುಡುಗಿಯ ಅಕ್ಷರದಲ್ಲಿ, "ಒಂದೇ ಸಲಕ್ಕೆ ರಕ್ತ ಬಂತು" ಎಂದಿದೆ.